ದೂರದ ಗುರಿಗೆ ಮಧ್ಯಮ ಬೆಲೆಯ ಸ್ಕೋಪ್: ಗಾಜಿಗೆ ಮರುಳಾಗುವ ಮುನ್ನ

ರೈಫಲ್ ಮೇಲೆ ಕೂರಿಸುವ ದೂರದರ್ಶಕ, ಅಂದರೆ ಸ್ಕೋಪ್ ಕೊಂಡ ಮೊದಲ ವಾರ ಎಲ್ಲರೂ ಗಾಜನ್ನೇ ಹೊಗಳುತ್ತಾರೆ. ದೂರದ ಮರದ ಎಲೆ ಎಲೆಯನ್ನೂ ಎಣಿಸಬಹುದು ಅನ್ನುತ್ತಾರೆ. ಅದೇ ಮನುಷ್ಯನನ್ನು ಎರಡು ವರ್ಷ ಬಿಟ್ಟು ಕೇಳಿ, ಗಾಜಿನ ಮಾತೇ ಬರುವುದಿಲ್ಲ. ಟರೆಟ್ (ದೂರಕ್ಕೆ ಗುಂಡು ಎಷ್ಟು ಬೀಳುತ್ತದೋ ಅಷ್ಟು ಗುರಿ ಏರಿಸುವ ತಿರುಗುಗುಂಡಿ) ತಿರುಗಿಸಿ ವಾಪಸ್ ತಂದಾಗ ಝೀರೋ (ಮೊದಲೇ ಹೊಂದಿಸಿಟ್ಟ ಗುರಿಯ ಬಿಂದು) ತನ್ನ ಜಾಗದಲ್ಲೇ ಕೂರುತ್ತದೆಯೇ, ಚಳಿಯಲ್ಲಿ ಗುಂಡಿ ಬಿಗಿಯುತ್ತದೆಯೇ, ರಿಪೇರಿಗೆ ಕಳಿಸಿದ್ದು ಎಷ್ಟು ವಾರಕ್ಕೆ ಬಂತು, ಇವೇ ಮಾತು. ಹಾಗಾಗಿ ಯಾರಾದರೂ ತಮ್ಮ ಸ್ಕೋಪ್ ಚೆನ್ನಾಗಿದೆ ಎಂದರೆ ನಾನು ಮೊದಲು ಕೇಳುವುದು ಒಂದೇ: ತಗೊಂಡು ಎಷ್ಟು ದಿನ ಆಯಿತು?

ಇಲ್ಲಿ ನಾನು ಹೇಳುತ್ತಿರುವುದು ಕಾಗದದ ಗುರಿ ಮತ್ತು ಉಕ್ಕಿನ ತಟ್ಟೆಗೆ 300ರಿಂದ 1000 ಮೀಟರ್‌ವರೆಗೆ ಹೊಡೆಯುವವರ ಸ್ಕೋಪ್ ಬಗ್ಗೆ. ಮಧ್ಯಮ ಬೆಲೆ ಅಂದರೆ ಯುರೋಪಿನ ಹೆಸರಾಂತ ಸ್ಕೋಪ್‌ಗಳ ಬೆಲೆಯಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಈ ಬೆಲೆಗೆ ಎಲ್ಲವನ್ನೂ ಕೊಡಲು ಯಾವ ಕಂಪನಿಗೂ ಆಗುವುದಿಲ್ಲ. ಗಾಜಿನಲ್ಲೋ, ಒಳಗಿನ ಯಂತ್ರದಲ್ಲೋ, ತೂಕದಲ್ಲೋ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದಿರುತ್ತಾರೆ. ಆ ಜಾಗ ನಿಮ್ಮ ಆಟಕ್ಕೆ ಅಡ್ಡ ಬರುತ್ತದೆಯೇ ಎಂದು ನೋಡಿಕೊಂಡರೆ ಅರ್ಧ ಆಯ್ಕೆ ಮುಗಿಯಿತು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಟರೆಟ್‌ನ ಪ್ರಾಮಾಣಿಕತೆ. ಟರೆಟ್ ಮೇಲೆ 10 ಮಿಲ್ ಎಂದು ಬರೆದಿದ್ದರೆ ಒಳಗೆ ನಿಜವಾಗಿ 10 ಮಿಲ್ ಚಲಿಸಬೇಕು. ಒಂದು ಮಿಲ್ ಅಂದರೆ 100 ಮೀಟರ್‌ನಲ್ಲಿ 10 ಸೆಂ.ಮೀ., 1000 ಮೀಟರ್‌ನಲ್ಲಿ ಒಂದು ಮೀಟರ್. ಸಾಮಾನ್ಯವಾಗಿ ಒಂದು ಕ್ಲಿಕ್‌ಗೆ, ಅಂದರೆ ಟರೆಟ್‌ನ ಒಂದು ಹೆಜ್ಜೆಗೆ, 0.1 ಮಿಲ್. ಎಂಒಎ (ಮಿನಿಟ್ ಆಫ್ ಆ್ಯಂಗಲ್, ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ) ಪದ್ಧತಿಯ ಸ್ಕೋಪ್‌ಗಳಲ್ಲಿ ಹೆಚ್ಚಾಗಿ ಕಾಲು ಎಂಒಎ ಒಂದು ಕ್ಲಿಕ್, ಅದು 100 ಮೀಟರ್‌ಗೆ 7.3 ಮಿ.ಮೀ. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ, ಅರ್ಥವೂ ಇಲ್ಲ. ಜೊತೆಗೆ ಹೊಡೆಯುವ ಗೆಳೆಯರು ಯಾವುದರಲ್ಲಿ ಮಾತಾಡುತ್ತಾರೋ ಅದನ್ನೇ ತಗೊಳ್ಳಿ. ರೆಟಿಕಲ್ (ಸ್ಕೋಪ್ ಒಳಗೆ ಕಾಣುವ ಗುರಿಯ ಗೀಟುಗಳು) ಒಂದರಲ್ಲಿ, ಟರೆಟ್ ಇನ್ನೊಂದರಲ್ಲಿ ಇರುವ ಸ್ಕೋಪ್ ಮಾತ್ರ ಬೇಡ. ಹಳೆಯ ಮಾಲಿನಲ್ಲಿ ಅಂಥವು ಈಗಲೂ ಸಿಗುತ್ತವೆ.

ಈ ಪ್ರಾಮಾಣಿಕತೆಯ ಪಾಠ ನನಗೆ ದುಬಾರಿಯಾಗಿಯೇ ಬಂತು. ನನ್ನ ಮೊದಲ ದೂರದ ಸ್ಕೋಪನ್ನು ಗಾಜು ನೋಡಿಯೇ ಕೊಂಡಿದ್ದೆ. 100 ಮೀಟರ್‌ಗೆ ಚಿನ್ನ. 600ಕ್ಕೆ ಹೋದರೆ ಗುಂಡು ಯಾವಾಗಲೂ ಕೆಳಗೆ. ಒಂದಿಡೀ ಸೀಸನ್ ಮದ್ದುಗುಂಡನ್ನು ಬೈದೆ, ಗಾಳಿಯನ್ನು ಬೈದೆ, ನನ್ನ ಉಸಿರನ್ನೇ ಬೈದೆ. ಕೊನೆಗೆ ಉದ್ದನೆಯ ಕಾಗದ ಕಟ್ಟಿ ಅಳೆದು ನೋಡಿದರೆ 100 ಮೀಟರ್‌ನಲ್ಲಿ 10 ಮಿಲ್ ಏರಿಸಿದ್ದಕ್ಕೆ ಗುಂಡು ಏರಿದ್ದು 96 ಸೆಂ.ಮೀ. ನೂರಕ್ಕೆ ನಾಲ್ಕು ಕಮ್ಮಿ. 600 ಮೀಟರ್‌ಗೆ ನಾನು ಏರಿಸುತ್ತಿದ್ದುದು ಸುಮಾರು 5 ಮಿಲ್, ಅಂದರೆ 12 ಸೆಂ.ಮೀ. ಅಲ್ಲೇ ಸೋರಿಹೋಗುತ್ತಿತ್ತು. ಇಂಥ ತಪ್ಪು ಪ್ರತಿ ಸಲ ಒಂದೇ ಥರ ಇದ್ದರೆ ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ (ಯಾವ ದೂರಕ್ಕೆ ಎಷ್ಟು ಏರಿಸಬೇಕೆಂದು ಲೆಕ್ಕ ಹಾಕುವ ಆ್ಯಪ್) ಸರಿಪಡಿಸಿಕೊಂಡು ಬದುಕಬಹುದು. ಒಮ್ಮೆ ಹಾಗೆ, ಒಮ್ಮೆ ಹೀಗೆ ಆಗುವ ಸ್ಕೋಪ್‌ಗೆ ಮಾತ್ರ ಮದ್ದಿಲ್ಲ.

ಎರಡನೆಯದು ಟರೆಟ್ ಎಷ್ಟು ದೂರ ತಿರುಗುತ್ತದೆ ಎಂಬುದು. 175 ಗ್ರೇನ್ ತೂಕದ ಗುಂಡು ಹಾರಿಸುವ .308 ಕ್ಯಾಲಿಬರ್ ರೈಫಲ್‌ಗೆ 1000 ಗಜ ಮುಟ್ಟಲು 100 ಗಜದ ಝೀರೋದಿಂದ ಹೆಚ್ಚುಕಡಿಮೆ 38 ಎಂಒಎ ಬೇಕು. ಸ್ಕೋಪ್‌ನ ಒಟ್ಟು ಚಲನೆ 70 ಎಂಒಎ ಎಂದು ಡಬ್ಬದ ಮೇಲೆ ಬರೆದಿದ್ದರೆ ಸಾಕಲ್ಲ ಅನಿಸುತ್ತದೆ. ಆದರೆ ಝೀರೋ ನಡುವಿನಲ್ಲಿ ಕೂತರೆ ಮೇಲಕ್ಕೆ ಉಳಿಯುವುದು 35 ಮಾತ್ರ. ಇದಕ್ಕೇ 20 ಎಂಒಎ ಇಳಿಜಾರಿನ ರೈಲ್ (ರೈಫಲ್ ಮೇಲೆ ಸ್ಕೋಪ್ ಕೂರುವ ಪಟ್ಟಿ) ಹಾಕುವುದು. ಆಗ ಮೇಲಕ್ಕೆ 55 ಸಿಗುತ್ತದೆ. 34 ಮಿ.ಮೀ. ಕೊಳವೆಯ ಸ್ಕೋಪ್‌ಗಳಲ್ಲಿ ಒಳಗೆ ಜಾಗ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಈ ಚಿಂತೆ ಇರುವುದಿಲ್ಲ. ಕೊಳವೆ ದಪ್ಪವಾದರೆ ಬೆಳಕು ಹೆಚ್ಚು ಬರುತ್ತದೆ ಎಂಬುದು ಮಾತ್ರ ಕಟ್ಟುಕಥೆ.

ಮೂರನೆಯದು ರೆಟಿಕಲ್ ಎಲ್ಲಿದೆ ಎಂಬುದು. ಫಸ್ಟ್ ಫೋಕಲ್ ಪ್ಲೇನ್, ಅಂದರೆ ಎಫ್‌ಎಫ್‌ಪಿಯಲ್ಲಿ ಝೂಮ್ ಮಾಡಿದಂತೆ ಗೀಟುಗಳೂ ದೊಡ್ಡದಾಗುತ್ತವೆ, ಆದ್ದರಿಂದ ಒಂದು ಮಿಲ್ ಗೀಟು ಯಾವ ಝೂಮ್‌ನಲ್ಲೂ ಒಂದು ಮಿಲ್ಲೇ. ಸೆಕೆಂಡ್ ಫೋಕಲ್ ಪ್ಲೇನ್, ಅಂದರೆ ಎಸ್‌ಎಫ್‌ಪಿಯಲ್ಲಿ ಗೀಟು ಕಣ್ಣಿಗೆ ಒಂದೇ ಗಾತ್ರ ಕಾಣುತ್ತದೆ, ಲೆಕ್ಕ ಸರಿಬರುವುದು ಒಂದೇ ಝೂಮ್‌ನಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ. 25 ಪಟ್ಟು ದೊಡ್ಡದಾಗಿ ತೋರಿಸುವ ಎಸ್‌ಎಫ್‌ಪಿ ಸ್ಕೋಪನ್ನು ಮರೆತು 12.5ರಲ್ಲಿ ಇಟ್ಟುಕೊಂಡು ಗಾಳಿಗೆಂದು 2 ಮಿಲ್ ಪಕ್ಕಕ್ಕೆ ಹಿಡಿದರೆ ನಿಜಕ್ಕೂ ಹಿಡಿದದ್ದು 4. 600 ಮೀಟರ್‌ಗೆ ಅದು 1.2 ಮೀಟರ್ ತಪ್ಪು. ತಟ್ಟೆ ಬಿಡಿ, ತಟ್ಟೆ ನೇತುಹಾಕಿದ ಕಂಬವೂ ಸಿಗದು.

ಹಾಗೆಂದು ಎಫ್‌ಎಫ್‌ಪಿಯೇ ದೊಡ್ಡದು ಅಂದುಕೊಳ್ಳಬೇಡಿ. ಅದರಲ್ಲಿ 5 ಪಟ್ಟಿಗೆ ಇಳಿಸಿದರೆ ಗೀಟು ಜೇಡರ ಬಲೆಯ ಎಳೆಯಂತಾಗಿ ಮರೆಯಾಗುತ್ತದೆ. 25ಕ್ಕೆ ಏರಿಸಿದರೆ ಕೆಲವು ಮಾದರಿಗಳಲ್ಲಿ ಸಣ್ಣ ಗುರಿಯನ್ನೇ ಮುಚ್ಚುವಷ್ಟು ದಪ್ಪವಾಗುತ್ತದೆ. ಟರೆಟ್ ತಿರುಗಿಸಿಯೇ ಹೊಡೆಯುವವನಿಗೆ, ಅದೂ ಗೊತ್ತಿರುವ ಒಂದೇ ದೂರಕ್ಕೆ, ಇದಕ್ಕೆ ದುಡ್ಡು ಕೊಡುವ ಅಗತ್ಯ ಇಲ್ಲ.

ಇನ್ನು ಗಾಜು. ಮುಂದಿನ ಲೆನ್ಸ್‌ನ ವ್ಯಾಸವನ್ನು ಝೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಚಕ್ರದ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸ್ 25 ಪಟ್ಟಿನಲ್ಲಿ 2 ಮಿ.ಮೀ. ಕೊಡುತ್ತದೆ, 56 ಮಿ.ಮೀ. ಲೆನ್ಸ್ 2.24. ಕಾಗದದಲ್ಲಿ ಅಲ್ಪ, ಸಂಜೆ ಐದೂವರೆಗೆ ಗೊತ್ತಾಗುವಷ್ಟು ವ್ಯತ್ಯಾಸ. ಮಧ್ಯಮ ಬೆಲೆಯ ಗಾಜು ಸಾಮಾನ್ಯವಾಗಿ 18 ಪಟ್ಟಿನ ತನಕ ಚೆನ್ನಾಗಿದ್ದು, ಮೇಲೆ ಹೋದಂತೆ ಅಂಚು ಮೆತ್ತಗಾಗಿ, ತಲೆ ಸ್ವಲ್ಪ ಅಲ್ಲಾಡಿದರೂ ಚಿತ್ರ ಕಪ್ಪಾಗತೊಡಗುತ್ತದೆ. ಆದರೆ ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳದಲ್ಲಿ ಗುರಿ ಕುದಿಯುವ ನೀರಿನಂತೆ ನಡುಗುವುದರಿಂದ, 25 ಪಟ್ಟಿನವರೂ 15ಕ್ಕೆ ಇಳಿಸಿಯೇ ಹೊಡೆಯುತ್ತಾರೆ. ಅಂಚಿನ ಆ ದೋಷಕ್ಕೆ ಹೆದರಿ ಬೆಲೆ ದುಪ್ಪಟ್ಟು ಮಾಡಿಕೊಳ್ಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಪ್ಯಾರಲಾಕ್ಸ್ ಗುಂಡಿ, ಅಂದರೆ ಗುರಿಯ ದೂರಕ್ಕೆ ತಕ್ಕಂತೆ ಚಿತ್ರವನ್ನೂ ರೆಟಿಕಲನ್ನೂ ಒಂದಕ್ಕೊಂದು ಹೊಂದಿಸುವ ಗುಂಡಿ, ಎಷ್ಟು ಹತ್ತಿರಕ್ಕೆ ಇಳಿಯುತ್ತದೆ ಎಂಬುದು .22 ಮತ್ತು ಏರ್ ರೈಫಲ್ ಇರುವವರಿಗೆ ಮಾತ್ರ ತಲೆನೋವು. ತೂಕ, ವಾರಂಟಿಗಳ ಮಾತು ಆಯಾ ಆಯ್ಕೆಯ ಜೊತೆಗೇ ಬರುತ್ತದೆ.

ಝೂಮ್ ಇಲ್ಲದ 10 ಪಟ್ಟು

ಎಸ್‌ಡಬ್ಲ್ಯುಎಫ್‌ಎ ಕಂಪನಿಯ ಎಸ್‌ಎಸ್ 10x42 (10 ಪಟ್ಟು, 42 ಮಿ.ಮೀ. ಲೆನ್ಸ್) ಈ ಜಾತಿಯ ಹಳೆಯ ಕುದುರೆ. ಇಲ್ಲಿ ಹೇಳುವವುಗಳಲ್ಲೆಲ್ಲ ಅಗ್ಗದ್ದು. ಝೂಮ್ ಇಲ್ಲದಿರುವುದರಿಂದ ಒಳಗೆ ಚಲಿಸುವ ಭಾಗಗಳು ಕಮ್ಮಿ, ಕೆಡಲು ಇರುವುದೂ ಕಮ್ಮಿ. ರೆಟಿಕಲ್ ಯಾವ ಪ್ಲೇನ್‌ನಲ್ಲಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಾಲೀಕರು ಬಹಳ ವರ್ಷ ಇಟ್ಟುಕೊಂಡ ಮೇಲೂ ಹೊಗಳುವುದು ಅದರ ಟರೆಟ್ ಸುಳ್ಳು ಹೇಳುವುದಿಲ್ಲ ಎಂಬುದನ್ನೇ.

ದೂರುಗಳೂ ನಿಜವೇ. ಝೀರೋ ಸ್ಟಾಪ್, ಅಂದರೆ ಇಳಿಸುವಾಗ ಟರೆಟ್ ಝೀರೋದಲ್ಲೇ ತಡೆದು ನಿಲ್ಲಿಸುವ ಏರ್ಪಾಡು, ಇಲ್ಲ. ಟರೆಟ್‌ನ ಒಂದು ಸುತ್ತಿಗೆ 5 ಮಿಲ್ ಮಾತ್ರ, ಆದ್ದರಿಂದ 1000 ಮೀಟರ್‌ನಿಂದ ವಾಪಸ್ ಬರುವಾಗ ಎರಡು ಸುತ್ತು ಇಳಿಸಿದೆನೋ ಒಂದೋ ಎಂದು ತಬ್ಬಿಬ್ಬಾಗುವುದು ಮಾಮೂಲು. ಒಂದು ಸುತ್ತು ತಪ್ಪಿದರೆ 100 ಮೀಟರ್ ಗುರಿಯ ಮೇಲೆ ಅರ್ಧ ಮೀಟರ್ ಎತ್ತರಕ್ಕೆ ಗುಂಡು ಹೋಗುತ್ತದೆ, ಪಕ್ಕದಲ್ಲಿದ್ದವರು ನಗುತ್ತಾರೆ. ಪ್ಯಾರಲಾಕ್ಸ್ ಉಂಗುರ ಕಣ್ಣಿನ ಕಡೆಗಿದೆ, ಮಲಗಿ ಹೊಡೆಯುವಾಗ ಕೈ ಎಟುಕಿಸುವುದು ಕಿರಿಕಿರಿ. 800 ಮೀಟರ್ ಆಚೆಯ ಕಾಗದದಲ್ಲಿ ತೂತು ಹುಡುಕುವ ಆಸೆಯಂತೂ ಬಿಟ್ಟುಬಿಡಿ. ಆದರೆ ಉಕ್ಕಿನ ತಟ್ಟೆಗೆ 10 ಪಟ್ಟು ಸಾಕು. ಹೊಡೆದ ಗುಂಡು ಎಲ್ಲಿ ಬಿತ್ತು ಎಂದು ನೋಡಲು ಕಡಿಮೆ ಝೂಮ್‌ನ ಅಗಲ ನೋಟವೇ ವಾಸಿ ಎಂಬುದು ಇದನ್ನು ಬಳಸಿದ ಮೇಲೆ ನನಗೆ ಅರ್ಥವಾದದ್ದು.

ಹೆಚ್ಚು ಝೂಮ್‌ನ ಎಸ್‌ಎಫ್‌ಪಿ

ಸೈಟ್ರಾನ್ ಎಸ್‌III 10-50x60 ಅಂಥದ್ದು. ಇದರ ಮನೆ ಎಫ್-ಕ್ಲಾಸ್ ಪಂದ್ಯ, ಅಂದರೆ ಮಲಗಿ, ಆಸರೆಯ ಮೇಲೆ ರೈಫಲ್ ಇಟ್ಟು, ಗೊತ್ತಿರುವ ದೂರಕ್ಕೆ ಹೊಡೆಯುವ ಆಟ. ಕೆನಡಾದ ಜಾರ್ಜ್ ಫರ್ಕರ್‌ಸನ್ ಅವರಿಂದ ಶುರುವಾದದ್ದು, ಹೆಸರಿನ 'ಎಫ್' ಕೂಡ ಅವರದೇ. ಅಮೆರಿಕದ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್) ಎಫ್-ಕ್ಲಾಸ್ ಗುರಿಯಲ್ಲಿ 1000 ಗಜಕ್ಕೆ ಒಳಗಿನ ಎಕ್ಸ್ ವೃತ್ತ 5 ಇಂಚು ಅಷ್ಟೇ. ಕಾಲು ಎಂಒಎಯ ಒಂದು ಕ್ಲಿಕ್ ಅಲ್ಲಿ 2.6 ಇಂಚು, ಅಂದರೆ ವೃತ್ತದ ಅರ್ಧ. ಇದಕ್ಕೇ ಈ ಆಟದವರು ಎಂಟನೇ ಒಂದು ಎಂಒಎ ಕ್ಲಿಕ್‌ನ ಸ್ಕೋಪ್ ಕೇಳುವುದು, ಸೈಟ್ರಾನ್ ಕೊಡುವುದೂ ಅದನ್ನೇ. ಎಸ್‌ಎಫ್‌ಪಿ ಆದ್ದರಿಂದ ಗೀಟು ತೆಳ್ಳಗೇ ಉಳಿದು ವೃತ್ತ ಮುಚ್ಚಿಹೋಗುವುದಿಲ್ಲ.

ಕಳೆದುಕೊಳ್ಳುವುದು? 50 ಪಟ್ಟಿನಲ್ಲಿ ಬೆಳಕಿನ ಚಕ್ರ 1.2 ಮಿ.ಮೀ. ಮಾತ್ರ, ಮೋಡದ ದಿನ ಚಿತ್ರ ಮಂಕು. ಕನಿಷ್ಠವೇ 10 ಪಟ್ಟು. ಬೇರೆ ಬೇರೆ ದೂರದ ತಟ್ಟೆಗಳನ್ನು ಗಡಿಯಾರದ ಒತ್ತಡದಲ್ಲಿ ಹುಡುಕುವ ಪಂದ್ಯಕ್ಕೆ ಇದನ್ನು ಒಯ್ಯುವುದು ಸೂಜಿಯ ಕಣ್ಣಿನಲ್ಲಿ ಜಾತ್ರೆ ನೋಡಿದಂತೆ.

5-25 ಎಫ್‌ಎಫ್‌ಪಿ, ಎರಡು ಕೊಳವೆಯಲ್ಲಿ

ಹೆಚ್ಚಿನವರು ತಡಕಾಡುವುದು ಇಲ್ಲೇ. ಒಂದು ಕಡೆ ವೋರ್ಟೆಕ್ಸ್ ವೈಪರ್ ಪಿಎಸ್‌ಟಿ ಜೆನ್ II 5-25x50, 30 ಮಿ.ಮೀ. ಕೊಳವೆಯದ್ದು. ಇನ್ನೊಂದು ಕಡೆ 34 ಮಿ.ಮೀ. ಕೊಳವೆ, 56 ಮಿ.ಮೀ. ಲೆನ್ಸ್‌ನ ಗುಂಪು: ಅದೇ ವೋರ್ಟೆಕ್ಸ್‌ನ ಸ್ಟ್ರೈಕ್ ಈಗಲ್ 5-25x56, ಅಥ್ಲಾನ್ ಏರೀಸ್ ಇಟಿಆರ್ 4.5-30x56.

ಪಿಎಸ್‌ಟಿ ತನ್ನ ಬೆಲೆಗೆ ಹಿತವಾದ ಸ್ಕೋಪ್. ಝೀರೋ ಸ್ಟಾಪ್ ಇದೆ, ರೆಟಿಕಲ್‌ಗೆ ದೀಪ ಇದೆ, ಪಕ್ಕದಲ್ಲಿ ಪ್ಯಾರಲಾಕ್ಸ್ ಇದೆ, ಗಾಳಿಗೆ ಹಿಡಿಯಲು ಬೇಕಾದ, ಕೆಳಗೆ ಹೋದಂತೆ ಅಗಲವಾಗುವ ಮರದಾಕಾರದ ರೆಟಿಕಲ್ ಇದೆ. ತೂಕ ಸುಮಾರು 885 ಗ್ರಾಂ. ಚಲನೆ 70 ಎಂಒಎ, ಮೇಲೆ ಹೇಳಿದ 35ರ ಲೆಕ್ಕ ಇದಕ್ಕೇ ಅನ್ವಯ. .308 ಇರುವವರು ಇಳಿಜಾರಿನ ರೈಲ್ ಇಲ್ಲದೆ ಇದನ್ನು ಕೊಂಡು ಆಮೇಲೆ 900 ಗಜ ದಾಟಿದ ಮೇಲೆ ಟರೆಟ್ ಗೋಡೆಗೆ ಬಡಿದಾಗ ಸ್ಕೋಪನ್ನು ಬೈಯುವುದು ನ್ಯಾಯವಲ್ಲ. 6.5 ಕ್ರೀಡ್‌ಮೂರ್‌ನಂಥ ಚಪ್ಪಟೆಯಾಗಿ ಹೋಗುವ ಗುಂಡಿಗೆ 1000 ಗಜಕ್ಕೆ ಸುಮಾರು 30 ಎಂಒಎ ಸಾಕು, ಆಗಲೂ ರೈಲ್ ಇದ್ದರೆ ನಿರಾಳ.

34ರ ಗುಂಪಿನಲ್ಲಿ ಚಲನೆ ಧಾರಾಳ, ಸಂಜೆಯ ಬೆಳಕೂ ಒಂದಿಷ್ಟು ಜಾಸ್ತಿ. ಬದಲಿಗೆ ತೆರಬೇಕಾದದ್ದು ರಿಂಗ್‌ಗಳು (ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಬಳೆಗಳು), ಏರೀಸ್‌ನಲ್ಲಾದರೆ ತೂಕವೂ. ಏರೀಸ್ ಇಟಿಆರ್ ಒಂದು ಕಿಲೋ ಆಸುಪಾಸಿನದು. ಬೆಂಚಿನ ಮೇಲಿಟ್ಟು ಹೊಡೆಯುವವನಿಗೆ ಆ ತೂಕ ವರವೇ, ರೈಫಲ್ ಕುಣಿಯುವುದಿಲ್ಲ. ಹೆಗಲ ಮೇಲೆ ಹೊತ್ತು ಒಂದು ಗುರಿಯಿಂದ ಇನ್ನೊಂದಕ್ಕೆ ನಡೆಯುವವನಿಗೆ ಮಧ್ಯಾಹ್ನದ ಹೊತ್ತಿಗೆ ಶಾಪ. ಎಫ್-ಕ್ಲಾಸ್‌ನ ಎಫ್-ಟಿಆರ್ ವಿಭಾಗದಲ್ಲಿ ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ), ಸ್ಕೋಪ್ ಎಲ್ಲ ಸೇರಿ ರೈಫಲ್ 8.25 ಕಿಲೋ ಮೀರುವಂತಿಲ್ಲ. ಅಲ್ಲಿ ಭಾರದ ನಳಿಗೆ ಹಾಕಿಕೊಂಡವರು ಸ್ಕೋಪ್‌ನ ಗ್ರಾಂ ಗ್ರಾಂ ಎಣಿಸುತ್ತಾರೆ. ಸ್ಟ್ರೈಕ್ ಈಗಲ್ ಈ ಗುಂಪಿನಲ್ಲಿ ಕೈಗೆಟುಕುವ ಬೆಲೆಯದು. ಗಾಜಿನಲ್ಲಿ ಪಿಎಸ್‌ಟಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವುದು ನನ್ನ ಕಣ್ಣಿನ ಮಾತು, ನಿಮ್ಮ ಕಣ್ಣು ಬೇರೆ ಹೇಳಬಹುದು.

ವೋರ್ಟೆಕ್ಸ್, ಅಥ್ಲಾನ್ ಎರಡೂ ಮಾಲೀಕ ಬದಲಾದರೂ ಮುಂದುವರಿಯುವ ಜೀವಿತಾವಧಿ ವಾರಂಟಿ ಕೊಡುತ್ತವೆ. ವಾರಂಟಿ ಒಳ್ಳೆಯದೇ, ಆದರೆ ಅದು ಸ್ಕೋಪ್ ಕೆಟ್ಟ ಮೇಲಿನ ಕಥೆ. ಪಂದ್ಯದ ಹಿಂದಿನ ವಾರ ಕೆಟ್ಟರೆ ಹೊಸ ಸ್ಕೋಪ್ ಬರುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ಹಾಗಾಗಿ ಇದೇ ಕಾರಣಕ್ಕೆ ಒಂದನ್ನು ಆರಿಸಬೇಡಿ, ಎರಡು ಸಮ ತೂಗಿದಾಗ ತಕ್ಕಡಿಗೆ ಹಾಕಿ.

ಹಳೆಯ ಮಾಲು, ಮೇಲ್ದರ್ಜೆಯದು

ಅದೇ ದುಡ್ಡಿಗೆ ಹತ್ತು ವರ್ಷ ಹಳೆಯ ನೈಟ್‌ಫೋರ್ಸ್ ಎನ್‌ಎಕ್ಸ್‌ಎಸ್ 5.5-22x56 ಸಿಗುವುದುಂಟು. 30 ಮಿ.ಮೀ. ಕೊಳವೆಯಲ್ಲೇ 100 ಎಂಒಎ ಚಲನೆ, ಟರೆಟ್ ಕಲ್ಲಿನಂತೆ. ಎಸ್‌ಎಫ್‌ಪಿ, ರೆಟಿಕಲ್ ಇಂದಿನ ಮರದಾಕಾರದವುಗಳ ಮುಂದೆ ಹಳೆಯ ಕಾಲದ್ದು. ಗೀಟಿನಲ್ಲಿ ಹಿಡಿಯುವುದಕ್ಕಿಂತ ಟರೆಟ್ ತಿರುಗಿಸಿ ಹೊಡೆಯುವವರಾದರೆ ನನ್ನ ಮೊದಲ ಸಲಹೆ ಇದೇ. ಎಚ್ಚರಿಕೆ ಒಂದೇ: ಈ ಹೆಸರಿನ ನಕಲಿಗಳು ತಿರುಗಾಡುತ್ತವೆ. ಸೀರಿಯಲ್ ನಂಬರನ್ನು ಕಂಪನಿಯ ಬಳಿಯೇ ಕೇಳಿ ಖಚಿತ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ. ಕೊಳವೆಯ ಮೇಲೆ ರಿಂಗ್ ಕಚ್ಚಿದ ಗುರುತು ಇದ್ದರೆ ಪರವಾಗಿಲ್ಲ, ಕೊಳವೆ ನೆಗ್ಗಿದ್ದರೆ ಬಿಟ್ಟು ಬನ್ನಿ.

ಯಾರಿಗೆ ಯಾವುದು

ಈಗಷ್ಟೇ ಕಲಿಯುತ್ತಿದ್ದು, ಕೈ ಬಿಗಿಯಾಗಿದ್ದರೆ 10 ಪಟ್ಟಿನ ಎಸ್‌ಎಸ್ ಕೊಂಡು ಉಳಿದ ದುಡ್ಡನ್ನು ಮದ್ದುಗುಂಡಿಗೆ ಹಾಕಿ. ಎರಡು ವರ್ಷದ ನಂತರ ಮಾರಿದರೂ ಹೆಚ್ಚು ಕಳೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ನಿಮಗೆ ನಿಜಕ್ಕೂ ಏನು ಬೇಕು ಎಂಬುದು ತಿಳಿದಿರುತ್ತದೆ. ಕಾಗದಕ್ಕೆ, ಒಂದೇ ದೂರಕ್ಕೆ, ಮಲಗಿ ಹೊಡೆಯುವವರು ಸೈಟ್ರಾನ್ ಬಿಟ್ಟು ಬೇರೆ ಕಡೆ ನೋಡುವ ಅಗತ್ಯ ಕಾಣೆ. ಬೇರೆ ಬೇರೆ ದೂರದ ತಟ್ಟೆಗಳ ಪಂದ್ಯಕ್ಕೆ ಇಳಿಯುವವರಿಗೆ ಎಫ್‌ಎಫ್‌ಪಿ, ಮಿಲ್, ಮರದಾಕಾರದ ರೆಟಿಕಲ್. ಅದರಲ್ಲಿ ಹೊತ್ತು ನಡೆಯುವುದಿದ್ದರೆ ಪಿಎಸ್‌ಟಿ ಅಥವಾ ಸ್ಟ್ರೈಕ್ ಈಗಲ್, ಇಲ್ಲದಿದ್ದರೆ 34ರ ಗುಂಪಿನ ಯಾವುದಾದರೂ.

.22 ಇಟ್ಟುಕೊಂಡು 200 ಮೀಟರ್ ಹೊಡೆಯುವ ಹುಚ್ಚು ಇದ್ದವರು ಚಲನೆಯನ್ನು ಹಗುರಾಗಿ ನೋಡಬೇಡಿ. 50 ಮೀಟರ್ ಝೀರೋದಿಂದ 200ಕ್ಕೆ ಹೋಗಲು ಆ ನಿಧಾನದ ಗುಂಡಿಗೆ ಎಂಟೊಂಬತ್ತು ಮಿಲ್ ಬೇಕಾಗುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಮೇಲೆ ಮಾತ್ರ ಕಂಪನಿಯ ಕೈಪಿಡಿ ಓದದೆ ಯಾವ ಸ್ಕೋಪನ್ನೂ ಕೂರಿಸಬೇಡಿ. ಅದರ ಒದೆತ ಮುಂದಕ್ಕೂ ಹಿಂದಕ್ಕೂ ಇರುವುದರಿಂದ ದೊಡ್ಡ ರೈಫಲ್‌ನಲ್ಲಿ ಬಾಳಿದ ಸ್ಕೋಪ್ ಅಲ್ಲಿ ಸೋತದ್ದುಂಟು.

ಬಜೆಟ್ ಹಾಕುವಾಗ ರಿಂಗ್‌ಗಳನ್ನು ಸ್ಕೋಪ್‌ನ ಜೊತೆಗೇ ಲೆಕ್ಕ ಹಿಡಿಯಿರಿ. 'ಸ್ಕೋಪ್ ಝೀರೋ ಕಳೆದುಕೊಂಡಿತು' ಎನ್ನುವ ದೂರುಗಳಲ್ಲಿ ನಾನು ಕೈ ಹಾಕಿ ನೋಡಿದ ಹೆಚ್ಚಿನವುಗಳಲ್ಲಿ ಅಪರಾಧಿ ಅಗ್ಗದ ರಿಂಗ್ ಅಥವಾ ಮನಸ್ಸಿಗೆ ಬಂದಷ್ಟು ಬಿಗಿದ ಸ್ಕ್ರೂ. ರಿಂಗ್‌ನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಸಾಕು, ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ಅಂದಾಜಿನಲ್ಲಿ ಬಿಗಿಯಬೇಡಿ. ರೆಟಿಕಲ್ ವಾಲದಂತೆಯೂ ನೋಡಿಕೊಳ್ಳಿ. ಒಂದೇ ಒಂದು ಡಿಗ್ರಿ ವಾಲಿ, 12 ಮಿಲ್ ಏರಿಸಿದರೆ 1000 ಮೀಟರ್‌ಗೆ 21 ಸೆಂ.ಮೀ. ಪಕ್ಕಕ್ಕೆ ಜಾರುತ್ತದೆ. ಆಮೇಲೆ ಅದನ್ನು ಗಾಳಿಯ ತಲೆಗೆ ಕಟ್ಟುತ್ತೇವೆ.

ಕೊಂಡ ಮೇಲೆ ಮೊದಲ ದಿನವೇ ಮಾಡಬೇಕಾದ ಪರೀಕ್ಷೆ ಇದು. ಒಂದೂವರೆ ಮೀಟರ್ ಎತ್ತರದ ಕಾಗದ ತಗೊಳ್ಳಿ. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೆಟ್ಟಗೆ ಒಂದು ಗೀಟು ಎಳೆಯಿರಿ. ಕೆಳತುದಿಯಲ್ಲಿ ಒಂದು ಚುಕ್ಕೆ. ಟೇಪು ಹಿಡಿದು ಸರಿಯಾಗಿ 100 ಮೀಟರ್ ಅಳೆದು ನಿಲ್ಲಿಸಿ, ರೇಂಜಿನ ಫಲಕದ ಮೇಲಿನ ಅಂಕಿಯನ್ನು ನಂಬಬೇಡಿ. ಚುಕ್ಕೆಗೇ ಗುರಿಯಿಟ್ಟು ಐದು ಗುಂಡು, ಆಮೇಲೆ ಅದೇ ಚುಕ್ಕೆಗೆ ಗುರಿಯಿಟ್ಟು 10 ಮಿಲ್ ಏರಿಸಿ ಐದು, ವಾಪಸ್ ಇಳಿಸಿ ಮತ್ತೆ ಐದು. ಮೇಲಿನ ಗುಂಪಿನ ನಡುವಿಗೂ ಕೆಳಗಿನದಕ್ಕೂ ಅಂತರ 100 ಸೆಂ.ಮೀ. ಇರಬೇಕು. 99, 101 ಬಂದರೆ ಆ್ಯಪ್‌ಗೆ ಹಾಕಿ ಮರೆತುಬಿಡಿ. ಮೇಲಿನ ಗುಂಪು ಗೀಟಿನಿಂದ ಪಕ್ಕಕ್ಕೆ ಹೋಗಿದ್ದರೆ ರೆಟಿಕಲ್ ವಾಲಿದೆ, ಸ್ಕ್ರೂ ಸಡಿಲಿಸಿ ರಸಮಟ್ಟ ಇಟ್ಟು ಮತ್ತೆ ಕೂರಿಸಿ. ಇಳಿಸಿದ ಮೇಲಿನ ಐದು ಗುಂಡು ಮೊದಲಿನ ಐದರ ಮೇಲೆಯೇ ಕೂರದಿದ್ದರೆ ರಿಂಗ್ ನೋಡಿ, ಇನ್ನೊಮ್ಮೆ ಹೊಡೆದು ನೋಡಿ. ಆಗಲೂ ಕೂರದಿದ್ದರೆ ಗಾಜು ಎಷ್ಟೇ ಚೆನ್ನಾಗಿದ್ದರೂ ವಾಪಸ್ ಕಳಿಸಿ. ಅಲ್ಲಿಯವರೆಗೆ ಡಬ್ಬ, ಬಿಲ್ಲು, ಒಳಗಿನ ಪ್ಲಾಸ್ಟಿಕ್ ಕವರು ಯಾವುದನ್ನೂ ಎಸೆಯಬೇಡಿ.